ಮೀಟರಣ್ಣ ಬರೆದ ಮನೆ ನಂಬರು

ಆ ಕಡೆ ಅಲ್ಲ ಕಣೇ, ಈ ಕಡೆ ಬಂದು ಕೂತ್ಕೋ. ನಿನ್ನ ಬಲಗಿವಿ ನನ್ನ ಕಡೆಗಿರಲಿ. ನಿನ್ನ ಎಡಗಿವಿಗೆ ಹೇಳೋದೂ ಒಂದೇ, ಈ ಗೋಡೆಗೆ ಹೇಳೋದೂ ಒಂದೇ. ಹ್ಞಾಂ, ಹಾಗೆ. ಸ್ಟೂಲು ಇನ್ನೂ ಸ್ವಲ್ಪ ಎಳ್ಕೋ. ಅಂಗಡಿಗೆ ಯಾರಾದರೂ ಬಂದರೆ ಎದ್ದು ಹೋಗಿ ಕೊಟ್ಟು ಬಾ, ಎಲ್ಲಿ ನಿಲ್ಲಿಸಿದೆ ಅಂತ ನಾನು ನೆನಪಿಟ್ಟುಕೊಂಡಿರುತ್ತೇನೆ. ಕಣ್ಣು ಹೋಗಿದೆ, ನೆನಪು ಹೋಗಿಲ್ಲ. ಹೋಗಿದ್ದರೇ ಚೆನ್ನಾಗಿತ್ತು.

ಕೆಲಸದಲ್ಲಿರುವಾಗಲೇ ತೀರಿಕೊಂಡವರ ಬಗ್ಗೆ ನೀರಿನ ಆಫೀಸಿನವರು ಒಂದು ಪುಸ್ತಕ ಮಾಡುತ್ತಾರಂತೆ, ನಿಮ್ಮಪ್ಪನ ಬಗ್ಗೆ ಎರಡು ಪುಟ ಬೇಕಂತೆ. ನಿಮ್ಮಮ್ಮನನ್ನು ಕೇಳಿದರೆ "ನಂಗೆ ಹೇಳೋಕೇನೂ ಇಲ್ಲ, ನಿಮ್ಮಜ್ಜೀನ ಕೇಳು" ಅಂದಳಂತೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳಿಗೆ ಹೇಳೋಕೆ ಏನೂ ಇಲ್ಲ! ಅವಳು ಯಾಕೆ ಹಾಗಂದಳು ಅಂತ ನನಗೆ ಗೊತ್ತು. ಅದನ್ನೂ ಹೇಳುತ್ತೇನೆ. ಎರಡು ಪುಟಕ್ಕೆ ನಿಲ್ಲುವುದಿಲ್ಲ ಇದು. ಆಫೀಸಿನವರಿಗೆ ಎಷ್ಟು ಬೇಕೋ ಅಷ್ಟನ್ನು ಆಮೇಲೆ ನೀನೇ ಕತ್ತರಿಸಿ ಕೊಡು. ನೂಲು, ಗುಂಡಿ ಮಾರುವವರ ಮನೆಯಲ್ಲಿ ಕತ್ತರಿಗೇನು ಬರ!

ಬರ್ಕೋ. ನಿಮ್ಮಪ್ಪ ನಮ್ಮ ಮನೆಗೆ ಅಳಿಯನಾಗಿ ಬರುವ ಮೊದಲು ಮೀಟರ್ ಓದುವವನಾಗಿ ಬಂದ. ನೀರಿನ ಮೀಟರ್. ಬಾಗಿಲ ಪಕ್ಕ ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳ ಇರುತ್ತದಲ್ಲ, ಅದಕ್ಕೆ ಕೊಕ್ಕೆ ಹಾಕಿ ಎತ್ತುವುದು, ಒಳಗಿನ ಜಿರಲೆಗಳನ್ನು "ಸ್ವಲ್ಪ ಜರುಗಿ" ಅಂತ ಓಡಿಸುವುದು, ಗಾಜು ಒರೆಸಿ ಟಾರ್ಚ್ ಬಿಟ್ಟು ಅಂಕಿ ಓದುವುದು, ಪುಸ್ತಕದಲ್ಲಿ ಬರೆಯುವುದು. ದಿನಕ್ಕೆ ನೂರಿಪ್ಪತ್ತು ಮನೆ. ಊರಿಗೆಲ್ಲ ಅವನು ಮೀಟರಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆ ಎಲ್ಲೂ ಉಳಿದಿರಲಿಲ್ಲ.

ಅವನದೊಂದು ವಿಚಿತ್ರ ಇತ್ತು. ಅವನಿಗೆ ಮನೆಗಳು ಬಾಗಿಲ ನಂಬರಿನಿಂದ ಗೊತ್ತಿರಲಿಲ್ಲ. ನೀರಿನ ಕನೆಕ್ಷನ್ನಿಗೆ ಆಫೀಸಿನವರು ಒಂದು ನಂಬರು ಕೊಟ್ಟಿರುತ್ತಾರೆ, ಮೀಟರ್ ಪುಸ್ತಕದಲ್ಲಿ ಇರುವುದು ಅದೇ. ಬಾಗಿಲ ಮೇಲೆ ನಗರಸಭೆಯವರು ಹೊಡೆದದ್ದು ಬೇರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇವನ ಬಾಯಲ್ಲಿ ಮಾತ್ರ ಯಾವಾಗಲೂ ಮೀಟರಿನ ನಂಬರೇ. "ನೂರಾ ನಲವತ್ತೆರಡರ ಯಜಮಾನ್ರಿಗೆ ಕೆಮ್ಮು ಜಾಸ್ತಿಯಾಗಿದೆ, ಅತ್ತೆ." "ತೊಂಬತ್ತೊಂಬತ್ತರಲ್ಲಿ ಅವಳಿ ಮಕ್ಕಳು ಹುಟ್ಟಿದ್ವಂತೆ, ನೀರು ಎರಡು ಪಟ್ಟು ಓಡ್ತಿದೆ." ನಾವು ಇನ್ನೂರ ಎಪ್ಪತ್ತು. ನಾನು ಯಾರು ಅಂತ ಅವನ ಜೊತೆಗಾರ ಕೇಳಿದರೆ, "ಇನ್ನೂರ ಎಪ್ಪತ್ತರ ಅತ್ತೆ" ಅಂದನಂತೆ. ಬೇರೆ ನಂಬರುಗಳಲ್ಲೂ ಅತ್ತೆಯರು ಇದ್ದ ಹಾಗೆ!

ತಿಂಗಳಿಗೊಂದು ಸಲ ಬರಬೇಕಾದವನು ವಾರಕ್ಕೊಂದು ಸಲ ಬರತೊಡಗಿದ. ನಾನು ಅಂಗಡಿಯಿಂದ ನೋಡುತ್ತಲೇ ಇದ್ದೆ. ಒಂದು ದಿನ ಕೇಳಿದೆ, "ಏನಪ್ಪಾ, ಮತ್ತೆ ಬಂದೆ?"

"ನಿಮ್ಮ ಮೀಟರ್‌ಗೆ ಯಾಕೋ ಹುಷಾರಿಲ್ಲ ಅಮ್ಮ."

"ಹುಷಾರಿಲ್ಲದ್ದು ಮೀಟರ್‌ಗೋ, ನಿನಗೋ?"

ಒಳಗಿಂದ ನಿಮ್ಮಮ್ಮ ಕಿಸಕ್ಕನೆ ನಕ್ಕಳು. ಅವನ ಕಿವಿ ಕೆಂಪಾಯಿತು ನೋಡು, ಈ ಡಬ್ಬಿಯಲ್ಲಿರುವ ಕೆಂಪು ನೂಲು ಏನೂ ಅಲ್ಲ ಅದರ ಮುಂದೆ. ಮುಚ್ಚಳ ಮುಚ್ಚುವುದನ್ನೂ ಮರೆತು ಹೋದ. ಮಾರನೆಯ ದಿನ ನಾನೇ ಅದರಲ್ಲಿ ಕಾಲು ಹಾಕಿ ಬಿದ್ದೆ. ಮದುವೆಗೆ ಮೊದಲೇ ಅಳಿಯ ಅತ್ತೆಯನ್ನು ಗುಂಡಿಗೆ ಕೆಡವಿದ ಅಂತ ಓಣಿಯವರೆಲ್ಲ ನಕ್ಕಿದ್ದೇ ನಕ್ಕಿದ್ದು.

ಮದುವೆಯಾದ ಮೇಲೆ ನಾನು ಅವನಿಗೆ "ಬನ್ನಿ, ಕೂತ್ಕೊಳ್ಳಿ" ಅನ್ನತೊಡಗಿದೆ. ಅಳಿಯನಲ್ಲವೇ, ಮರ್ಯಾದೆ ಕೊಡಬೇಕು. ಮೂರನೆಯ ದಿನಕ್ಕೆ ಅವನು ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ, "ಅತ್ತೆ, ನಂಗೆ ಅಮ್ಮ ಇಲ್ಲ. ಊರೆಲ್ಲ ನನ್ನ ಮೀಟರಣ್ಣ, ಬನ್ನಿ ಹೋಗಿ ಅನ್ನುತ್ತೆ. 'ಬಾರೋ, ಉಂಡ್ಯೇನೋ' ಅನ್ನೋರು ಒಬ್ರಾದ್ರೂ ಬೇಡ್ವಾ?" ಅವತ್ತಿನಿಂದ ನಾನು ಅವನಿಗೆ "ಬಾರೋ" ಅಂದೆ. ಇದನ್ನು ಚೆನ್ನಾಗಿ ಬರ್ಕೋ. ಆಮೇಲೆ ಬೇಕಾಗುತ್ತೆ.

ಹಿತ್ತಲಿನ ಕೋಣೆಯಲ್ಲಿ ಅವರ ಸಂಸಾರ, ಮುಂದಿನ ಕೋಣೆಯಲ್ಲಿ ನಾನು ಮತ್ತು ಅಂಗಡಿ. ನಿಮ್ಮಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಗಲೂ ಇದ್ದಳು, ಈಗಲೂ ಇದ್ದಾಳೆ. ಬೆಳಿಗ್ಗೆ ಆರಕ್ಕೆ ಹೋದರೆ ಮೂರಕ್ಕೆ ಬಿಡುಗಡೆ. ನೀನು ಹುಟ್ಟಿದ ಮೇಲೆ ಮೂರು ತಿಂಗಳಿಗೆ ನನ್ನ ಮಡಿಲಿಗೆ ಬಂದೆ. ನೀನು ಹಲ್ಲು ಬರುವಾಗ ಕಚ್ಚಿದ್ದು ನನ್ನ ನೂಲಿನ ಮರದ ರೀಲನ್ನು, ಎಣಿಸುವುದು ಕಲಿತದ್ದು ನನ್ನ ಗುಂಡಿಗಳಲ್ಲಿ. ಬೆಳಿಗ್ಗೆ ಕಣ್ಣು ಬಿಟ್ಟರೆ ನಿನ್ನ ಕಾಲು ನನ್ನ ಹೊಟ್ಟೆಯ ಮೇಲೆ. ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡವಳು ನಾನು. ಆ ಕಾಲು ನನಗೆ ಏನು ಅಂತ ಯಾರಿಗೆ ಹೇಳಲಿ.

ಯಾರೋ ಬಂದರು ನೋಡು. ಬಿಳಿ ಗುಂಡಿಯಾ? ಎರಡು ತೂತಿನದೋ ನಾಲ್ಕು ತೂತಿನದೋ ಕೇಳು.

ಕೊಟ್ಯಾ? ಸರಿ. ನಿನ್ನ ಕಿವಿ ಕಂಡುಹಿಡಿದದ್ದು ಡಾಕ್ಟರಲ್ಲ, ನಿಮ್ಮಪ್ಪ. ಅವನ ಹತ್ತಿರ ಒಂದು ಕಬ್ಬಿಣದ ಸರಳು ಇತ್ತಲ್ಲ, ಎದೆಯೆತ್ತರದ್ದು, ತುದಿಯಲ್ಲಿ ಮರದ ಬಟ್ಟಲಿನಂಥದ್ದು. ನೆಲದೊಳಗಿನ ಕೊಳವೆ ಎಲ್ಲಿ ಸೋರುತ್ತಿದೆ ಅಂತ ಕೇಳುವುದಕ್ಕೆ. ಸರಳಿನ ಒಂದು ತುದಿ ಕೊಳವೆಯ ಮೇಲೆ, ಬಟ್ಟಲು ಕಿವಿಗೆ. ನಿನಗೆ ನಾಲ್ಕು ವರ್ಷ. ಒಂದು ಭಾನುವಾರ ಆಟಕ್ಕೆಂದು ನಿನ್ನ ಬಲಗಿವಿಗೆ ಹಿಡಿದ. "ಏನು ಕೇಳುತ್ತೋ ಕಡ್ಡಿ?" ಅಂದ. ನಿನ್ನನ್ನು ಕಡ್ಡಿ ಅಂತ ಕರೆಯುತ್ತಿದ್ದ, ಅಷ್ಟು ತೆಳ್ಳಗಿದ್ದೆ. ನೀನು ಕಣ್ಣರಳಿಸಿ, "ಯಾರೋ ಒಳಗೆ ಹಲ್ಲುಜ್ತಿದ್ದಾರೆ" ಅಂದೆ. ನಕ್ಕು ನಕ್ಕು ಸಾಕಾಯಿತು ಎಲ್ಲರಿಗೂ. ಆಮೇಲೆ ಎಡಗಿವಿಗೆ ಹಿಡಿದ. "ಈಗ?" ಅಂದ. "ಅಪ್ಪಾ, ಅವರು ಮಲಗಿಬಿಟ್ರು" ಅಂದೆ.

ಅವನ ನಗು ನಿಂತಿತು. ಮತ್ತೆ ಬಲಕ್ಕೆ ಹಿಡಿದ, ಮತ್ತೆ ಎಡಕ್ಕೆ. ಅಂಕಿ ಸರಿಯಿದೆಯೋ ಅಂತ ಎರಡೆರಡು ಸಲ ನೋಡುವ ಹಾಗೆ.

ಎಡಗಿವಿ ಪೂರ್ತಿ ಇಲ್ಲ, ಬಲಗಿವಿ ಮುಕ್ಕಾಲು ಪಾಲು ಮಾತ್ರ ಕೇಳುತ್ತೆ ಅಂದರು ಡಾಕ್ಟರಮ್ಮ. ಸಾಧಾರಣ ಸ್ಕೂಲಿನಲ್ಲಿ ಹಿಂದಿನ ಬೆಂಚಿಗೆ ಹಾಕಿದರೆ ಈ ಮಗು ಕೆಡುತ್ತದೆ, ನಗರದಲ್ಲಿ ಒಂದು ಸರ್ಕಾರಿ ಸ್ಕೂಲಿದೆ, ಅಲ್ಲಿ ಕಿವಿ ಮಂದ ಇರುವ ಮಕ್ಕಳಿಗೆ ಬೇರೆ ಕೋಣೆ, ಬೇರೆ ಟೀಚರ್ ಇದ್ದಾರೆ, ಅಲ್ಲಿ ಸೇರಿಸಿ ಅಂದರು. ಸೇರಿಸಬಹುದು, ಆದರೆ ಆ ಸ್ಕೂಲಿನ ಗಡಿಯೊಳಗೆ ಮನೆ ಇರಬೇಕು. ಇಂಥ ಬೀದಿಯ ಇಂಥ ನಂಬರಿನಿಂದ ಇಂಥ ನಂಬರಿನವರೆಗೆ ಅಂತ ಲೆಕ್ಕ. ಆಚೆಯವರಿಗೆ ಸೀಟಿಲ್ಲ, ಯಾರು ಹೇಳಿದರೂ ಇಲ್ಲ.

ಆಮೇಲೆ ಒಂದು ವರ್ಷ ನಮ್ಮದು ಪ್ರತಿ ಭಾನುವಾರ ಅದೇ ಕೆಲಸ, ಬಡಾವಣೆ ನೋಡುವುದು. ಆ ಒಂದೇ ಸ್ಕೂಲನ್ನು ನಂಬಿ ಕೂರಬಾರದು, ಬೇರೆ ಒಳ್ಳೆಯ ಸರ್ಕಾರಿ ಸ್ಕೂಲುಗಳೂ ಇರಬಹುದು ಅಂತ ನಿಮ್ಮಮ್ಮನ ವಾದ. ನಾಲ್ಕೂ ಜನ ಬಸ್ಸು ಹತ್ತುತ್ತಿದ್ದೆವು. ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ನಿಮ್ಮಮ್ಮ ಇಳಿದ ತಕ್ಷಣ ಆಸ್ಪತ್ರೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದಳು. ನಾನು ಮಕ್ಕಳು ಬೀದಿಯಲ್ಲಿ ಬಿದ್ದರೆ ಯಾರು ಎತ್ತುತ್ತಾರೆ ಅಂತ ನೋಡುತ್ತಿದ್ದೆ. ತಾಯಿ ಮಾತ್ರ ಓಡಿ ಬಂದರೆ ಆ ಬೀದಿ ಬೇಡ. ಯಾರು ಹತ್ತಿರವಿದ್ದರೋ ಅವರು ಎತ್ತಿ, ಎರಡು ಬೈದು, ಮಣ್ಣು ಕೊಡವಿ ಕಳಿಸಿದರೆ ಅಲ್ಲಿ ಸಂಸಾರ ಮಾಡಬಹುದು. ಅವನದು ಮಾತ್ರ ನಲ್ಲಿ. ಭಾನುವಾರ ಸ್ಕೂಲಿನ ಬೀಗ ಹಾಕಿರುತ್ತದೆ, ಇವನು ಗೇಟಿನಿಂದಲೇ ಮಕ್ಕಳು ನೀರು ಕುಡಿಯುವ ನಲ್ಲಿಗಳನ್ನು ನೋಡುತ್ತಿದ್ದ.

"ನಲ್ಲಿ ನೋಡಿ ಸ್ಕೂಲು ಹೇಳ್ತೀಯೇನೋ?" ಅಂದೆ.

"ಹ್ಞೂಂ ಅತ್ತೆ. ನಲ್ಲಿ ತೊಟ್ಟಿಕ್ತಿದ್ರೆ ಹೆಡ್ ಮಾಸ್ಟರ್ ರೂಮಿಂದ ಆಚೆ ಬರಲ್ಲ ಅಂತ ಅರ್ಥ. ಮಕ್ಕಳ ಎತ್ತರಕ್ಕೆ ನಲ್ಲಿ ಇಲ್ಲದಿದ್ರೆ ಕಟ್ಟಿದೋನಿಗೆ ಮಕ್ಕಳೇ ನೆನಪಿಲ್ಲ ಅಂತ."

ಮೊದಲು ನೋಡಿದ್ದು ಲಾರಿ ನಿಲ್ದಾಣದ ಪಕ್ಕದ ಬಡಾವಣೆ. ಸ್ಕೂಲು ಪರವಾಗಿಲ್ಲ, ಆದರೆ ದಿನವಿಡೀ ಹಾರನ್ನು. ಕಿವಿ ಚೆನ್ನಾಗಿರುವವರಿಗೇ ಅಲ್ಲಿ ಏನೂ ಕೇಳುವುದಿಲ್ಲ. ಎರಡನೆಯದು ದೊಡ್ಡ ದೊಡ್ಡ ಗೋಡೆಗಳ ಬಡಾವಣೆ, ಹೂವಿನ ಗಿಡ, ನಾಯಿ. ಎರಡು ಗಂಟೆ ನಿಂತರೂ ಒಂದು ಮಗು ಬೀದಿಗೆ ಬರಲಿಲ್ಲ, ಬೀಳುವುದು ಎಲ್ಲಿಂದ ಬಂತು! "ಇಲ್ಲಿ ಸ್ಕೂಲಿಗೆ ಹೋಗೋದು ನಾಯಿಗಳು ಮಾತ್ರ" ಅಂದಳು ನಿಮ್ಮಮ್ಮ. ಆಗೆಲ್ಲ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳು ಅವಳು.

ಕೊನೆಗೆ ಡಾಕ್ಟರಮ್ಮ ಹೇಳಿದ ಸ್ಕೂಲಿನ ಬೀದಿಗೇ ಹೋದೆವು. ಅವತ್ತು ಭಾನುವಾರವಲ್ಲ, ರಜೆ ಹಾಕಿ ಕೆಲಸದ ದಿನವೇ ಹೋದದ್ದು. ಅದು ಅವನದೇ ಸುತ್ತಿನ ಬೀದಿ, ಒಂಬತ್ತು ವರ್ಷದಿಂದ ಅಲ್ಲಿ ಮೀಟರ್ ಓದಿದ್ದ. "ಈ ಬೀದೀಲಿ ಬೆಳಿಗ್ಗೆ ಆರೂವರೆಗೆ ಎಲ್ಲ ಮೀಟರೂ ಒಟ್ಟಿಗೆ ಓಡುತ್ತೆ ಅತ್ತೆ, ಮನೆಮನೇಲೂ ಸ್ಕೂಲಿಗೆ ಹೋಗೋ ಮಕ್ಕಳ ಸ್ನಾನ" ಅಂದ. ಒಂದು ಮಗು ಬಿತ್ತು. ಕ್ಷೌರದಂಗಡಿಯವನು ಒಬ್ಬರ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿ ಬಂದು ಎತ್ತಿದ. ನನ್ನ ಪರೀಕ್ಷೆಯಲ್ಲಿ ಬೀದಿ ಪಾಸು. ಸ್ಕೂಲಿನಲ್ಲಿ ಏಳು ನಲ್ಲಿ, ಮೂರು ಮೊಣಕಾಲೆತ್ತರಕ್ಕೆ. ಒಂದೂ ತೊಟ್ಟಿಕ್ಕುತ್ತಿರಲಿಲ್ಲ. ಆ ಕೋಣೆಯ ಟೀಚರ್ ಹೊರಗೆ ಬಂದು ನಿನ್ನ ಮುಂದೆ ನೆಲದ ಮೇಲೆ ಕೂತರು. ಕೂತು, ನಿನ್ನ ಮುಖಕ್ಕೆ ಮುಖ ಕೊಟ್ಟು, ಮೆಲ್ಲಗೆ ತುಟಿ ಆಡಿಸಿ, "ನಿನ್ನ ಜೇಬಲ್ಲಿ ಏನಿದೆ?" ಅಂತ ಕೇಳಿದರು. ನೀನು ನನ್ನ ಅಂಗಡಿಯಿಂದ ಕದ್ದಿದ್ದ ಹದಿನಾರು ಗುಂಡಿಗಳನ್ನು ತೆಗೆದು ಒಂದೊಂದಾಗಿ ಅವರ ಅಂಗೈಯಲ್ಲಿಟ್ಟೆ. ನಿಮ್ಮಪ್ಪ ಗೋಡೆಯ ಕಡೆ ತಿರುಗಿ ನಿಂತ. ಕಣ್ಣಿಗೆ ಏನೋ ಬಿತ್ತು ಅಂದ.

ಅಲ್ಲೇ ಮನೆಯೂ ಸಿಕ್ಕಿತು. ಮೂರನೆಯ ಮಹಡಿ, ಎರಡು ಕೋಣೆ. ಬಾಗಿಲ ಮೇಲೆ ನೀಲಿ ತಗಡಿನಲ್ಲಿ ಹನ್ನೊಂದು. ಆ ತಗಡನ್ನು ಬೂದಿ ಹಾಕಿ ಉಜ್ಜಿ ಹೊಳೆಯಿಸಿದವಳು ನಾನೇ. ನಮ್ಮ ಓಣಿಯಿಂದ ಎರಡು ಬಸ್ಸು ಬದಲಾಯಿಸಿ ಒಂದೂವರೆ ಗಂಟೆ. "ನೀವೂ ಬನ್ನಿ ಅತ್ತೆ" ಅಂದ ಅವನು, ಹತ್ತು ಸಲ ಅಂದ. ನನ್ನ ಮಂಡಿ ಮೂರು ಮಹಡಿ ಹತ್ತುವುದಿಲ್ಲ, ಅಂಗಡಿ ಬಿಟ್ಟರೆ ನಾನು ಯಾರೂ ಅಲ್ಲ. ಬೇಡ ಅಂದೆ. ಸಾಮಾನು ಹೊತ್ತ ಗಾಡಿ ಹೋದ ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಹೊಟ್ಟೆಯ ಮೇಲೆ ಕೈಯಾಡಿಸಿದೆ, ನಿನ್ನ ಕಾಲಿಲ್ಲ. ಅವತ್ತು ಅಂಗಡಿ ತೆಗೆಯಲಿಲ್ಲ.

ಈಗ ಮೆಲ್ಲಗೆ ಹೇಳುತ್ತೇನೆ. ಒಂದಕ್ಷರ ಬಿಡದೆ ಬರ್ಕೋ.

ಸ್ಕೂಲಿನ ಅರ್ಜಿಗೆ ಕೊನೆಯ ದಿನ. ನಿಮ್ಮಮ್ಮನಿಗೆ ರಜೆ ಸಿಗಲಿಲ್ಲ. ಅವನು ಕೆಲಸದ ಮಧ್ಯೆಯೇ, ಯಾರದೋ ಮೀಟರಿನ ಮುಚ್ಚಳದ ಮೇಲೆ ಕೂತು, ಮೀಟರ್ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು ಅರ್ಜಿ ತುಂಬಿದ. ನಾನು ನಿನ್ನ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದೆ. "ಅತ್ತೆ, ಹನ್ನೆರಡರೊಳಗೆ ಕೊಟ್ಟುಬಿಡಿ, ಇನ್ನೂ ಎಂಬತ್ತು ಮನೆ ಇದೆ ನಂಗೆ" ಅಂತ ಕಾಗದ ನನ್ನ ಕೈಗೆ ಕೊಟ್ಟು, ನಿನ್ನ ನೆತ್ತಿಗೆ ಒಂದು ಮುತ್ತು ಕೊಟ್ಟು ಓಡಿದ.

ಸ್ಕೂಲಿನ ಆಫೀಸಿನ ಮುಂದೆ ಸಾಲು. ಬೆಂಚಿನ ಮೇಲೆ ನಿನ್ನನ್ನು ತೊಡೆಯಲ್ಲಿ ಕೂರಿಸಿಕೊಂಡಿದ್ದೆ. ನಿನಗೆ ಅಂಕಿ ಅಂದರೆ ಹುಚ್ಚು. ಕಾಗದದ ಮೇಲೆ ಬೆರಳಿಟ್ಟು ಓದಿದೆ, "ಮೂರು, ಎಂಟು, ಆರು." ಆಮೇಲೆ ತಲೆಯೆತ್ತಿ ಕೇಳಿದೆ, "ಅಜ್ಜಿ, ನಮ್ಮನೆ ಹನ್ನೊಂದಲ್ವಾ?"

ನೋಡಿದೆ. ಅಕ್ಷರ ಕೂಡಿಸಿ ಓದುವುದು ನನಗೆ ಕಷ್ಟ, ಅಂಕಿ ಚೆನ್ನಾಗಿ ಗೊತ್ತು. ಮನೆ ನಂಬರು ಅಂತ ಇದ್ದ ಕಡೆ ಮುನ್ನೂರ ಎಂಬತ್ತಾರು. ಅದು ಆ ಮನೆಯ ಮೀಟರಿನ ನಂಬರು. ಒಂಬತ್ತು ವರ್ಷದಿಂದ ಆ ಮನೆ ಅವನಿಗೆ ಮುನ್ನೂರ ಎಂಬತ್ತಾರೇ ಆಗಿತ್ತು, ಎರಡು ತಿಂಗಳಿಂದ ಬಾಡಿಗೆಗೆ ಇದ್ದ ಮಾತ್ರಕ್ಕೆ ಕೈ ಮರೆಯುತ್ತದೆಯೇ? ಮೀಟರ್ ಪುಸ್ತಕ ತೊಡೆಯ ಮೇಲಿತ್ತು, ಅದೇ ಪೆನ್ನು. ಊರಿನಲ್ಲಿ ಬೇರೆ ಯಾವ ತಂದೆಯೂ ಆ ತಪ್ಪು ಮಾಡುತ್ತಿರಲಿಲ್ಲ.

ನಿನಗೆ ನಾನು ಏನು ಹೇಳಿದೆ ಗೊತ್ತಾ? "ಅಪ್ಪನಿಗೆ ಗೊತ್ತಿರುತ್ತೆ, ಸುಮ್ನಿರು" ಅಂದೆ. ನಿನ್ನ ಎಡಗಿವಿ ನನ್ನ ಕಡೆಗಿತ್ತು. ನಿನಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನೀನು ತಲೆಯಾಡಿಸಿದೆ. ಕೇಳಿಸದಿದ್ದರೂ ತಲೆಯಾಡಿಸುವವಳು ನೀನು.

ನಮ್ಮ ಸರದಿ ಬಂತು. ಗುಮಾಸ್ತೆಯಮ್ಮ ಕಾಗದ ನೋಡಿ ಹೇಳಿದರು, "ಮುನ್ನೂರ ಎಂಬತ್ತಾರಾ? ಈ ಬೀದೀಲಿ ನೂರಾ ನಲವತ್ತರವರೆಗೆ ಮಾತ್ರ ನಮಗೆ ಬರೋದು. ಅದರ ಮೇಲಿನದೆಲ್ಲ ಸೇತುವೆ ಆಚೆ ಸ್ಕೂಲಿಗೆ. ನಂಬರ್ ಸರಿಯಾಗಿದ್ಯೇನಮ್ಮ?"

ಅಷ್ಟು ಒಳ್ಳೆಯ ಹೆಂಗಸು. ಪೆನ್ನು ನನ್ನ ಕಡೆ ಚಾಚಿ ಹಿಡಿದೇ ಕೇಳಿದರು. ಇಲ್ಲ, ಹನ್ನೊಂದು ಅಂತ ಒಂದು ಮಾತು. ಹೊಡೆದು ಬರೆದುಕೊಳ್ಳುತ್ತಿದ್ದರು.

ನನ್ನ ತಲೆಯಲ್ಲಿ ಏನು ಓಡಿತು ಅಂದರೆ, ಇಲ್ಲಿ ಸೀಟು ಸಿಗದಿದ್ದರೆ ಇವರು ಆ ಮೂರನೆಯ ಮಹಡಿಯಲ್ಲಿ ಯಾಕಿರುತ್ತಾರೆ? ವಾಪಸ್ಸು ಬರುತ್ತಾರೆ. ಹಿತ್ತಲಿನ ಕೋಣೆ ಖಾಲಿ ಇದೆ. ನಮ್ಮ ಓಣಿಯ ಸ್ಕೂಲೇನು ಸ್ಕೂಲಲ್ಲವೇ?

"ಸರಿ ಇದೆ" ಅಂದೆ.

ಅವರು ಕಾಗದವನ್ನು ಎಡಗಡೆಯ ಕಟ್ಟಿಗೆ ಹಾಕಿದರು.

ನಿಲ್ಲಿಸಿದೆಯಾ? ಪೆನ್ನಿನ ಸದ್ದು ಬರುತ್ತಿಲ್ಲ. ಬೇಡ, ಈಗ ಏನೂ ಹೇಳಬೇಡ. ಬರಿ. ಇನ್ನೂ ಇದೆ.

ಹೆಸರುಗಳ ಪಟ್ಟಿ ಹಾಕಿದ ದಿನ ಅವನು ಸ್ಕೂಲಿನ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಮೂರು ಸಲ ಓದಿದ. ನಿನ್ನ ಹೆಸರಿಲ್ಲ. ಮಕ್ಕಳು ಜಾಸ್ತಿ ಬಂದಿರಬೇಕು, ಮುಂದಿನ ವರ್ಷ ಸಿಗುತ್ತೆ ಅಂದುಕೊಂಡ. ತಿಂಗಳಾದ ಮೇಲೆ ಸೇತುವೆ ಆಚೆಯ ಸ್ಕೂಲಿನಿಂದ ಅವನ ಆಫೀಸಿಗೆ ಕಾಗದ ಬಂತು, ಜೊತೆಗೆ ಅವನು ತುಂಬಿದ್ದ ಅರ್ಜಿ, ಅದರಲ್ಲಿ ಅವನದೇ ಕೈಬರಹದ ಮುನ್ನೂರ ಎಂಬತ್ತಾರು. ತಕರಾರು ಹೇಳುವ ಹತ್ತು ದಿನ ಎಂದೋ ಮುಗಿದಿತ್ತು. ಅವನು ಯಾರ ಕಾಲಿಗೆ ಬೀಳಲಿಲ್ಲ ಹೇಳು. ಯಾರಾದರೂ ಬಿಟ್ಟು ಹೋದರೆ ಸೀಟು ಖಾಲಿಯಾಗುತ್ತೆ, ಆಗ ನೋಡೋಣ ಅಂದರು. ಯಾರು ಬಿಟ್ಟು ಹೋಗುತ್ತಾರೆ ಅಂಥ ಸ್ಕೂಲನ್ನು?

ಆ ಕಾಗದ ಬಂದ ದಿನ ನಾನು ಅವರ ಮನೆಗೆ ಹೋಗಿದ್ದೆ. ನಿಮ್ಮಮ್ಮ ಕೆಲಸದಿಂದ ಬಂದವಳು ಕಾಗದ ಓದಿದಳು. ಕೂತಳು. ಆಮೇಲೆ ಅಂದಳು, "ಊರಿನ ಮನೆ ಮನೇದೂ ನಂಬರ್ ಬರೀತೀರ. ನಿಮ್ಮ ಮಗಳ ಮನೆ ನಂಬರ್ ಬರೆಯೋಕಾಗ್ಲಿಲ್ಲ ಅಲ್ವಾ?"

ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಅವನು ಉಳಿಯುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ಮಾತು ಆ ಎರಡು ಕೋಣೆಗಳ ನಡುವೆ ನಿಂತೇಬಿಟ್ಟಿತು. ಅದನ್ನು ದಾಟಿಕೊಂಡೇ ಅವರು ಅನ್ನ ಬಡಿಸಿದರು, ಬಟ್ಟೆ ಮಡಚಿದರು, ವರ್ಷಗಳನ್ನು ಕಳೆದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ತಪ್ಪು ಅವನೊಬ್ಬನದಲ್ಲ ಕಣೇ ಅಂತ ನನ್ನ ಬಾಯಿಯ ತುದಿಯವರೆಗೆ ಬಂತು. ಮಗಳು ನನ್ನ ಮುಖ ಇನ್ನು ನೋಡುವುದಿಲ್ಲ ಅನ್ನಿಸಿತು, ನುಂಗಿಕೊಂಡೆ. ಮೆಟ್ಟಿಲಿಳಿದು ಬಂದೆ. ಮಂಡಿನೋವು ಗೊತ್ತೇ ಆಗಲಿಲ್ಲ ಅವತ್ತು.

ಅವರು ವಾಪಸ್ಸು ಬಂದರೇ? ಇಲ್ಲ. "ಗಡಿಯೊಳಗೇ ಇರಬೇಕು, ಯಾವ ವರ್ಷ ಸೀಟು ಬೀಳುತ್ತೋ" ಅಂತ ಆ ಮನೆಯಲ್ಲೇ ಉಳಿದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಪ್ರತಿ ವರ್ಷ ಅರ್ಜಿ. ಹನ್ನೊಂದು ಅಂತ ಅಂಕಿಯಲ್ಲಿ ಬರೆದು, ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದು. ಕೊಡೆಯ ಮೇಲೆ ಹನ್ನೊಂದು, ಊಟದ ಡಬ್ಬಿಯ ಮೇಲೆ ಹನ್ನೊಂದು, ನಿನ್ನ ಸ್ಲೇಟಿನ ಹಿಂದೆ ಬಿಳಿ ಬಣ್ಣದಲ್ಲಿ ಹನ್ನೊಂದು. ಒಂದು ಸಲ ಓದುತ್ತಿದ್ದ ಮೀಟರನ್ನು ಮೂರು ಸಲ ಓದತೊಡಗಿದ. ನೂರಿಪ್ಪತ್ತು ಮನೆ ಮುಗಿಸುತ್ತಿದ್ದವನಿಗೆ ಎಪ್ಪತ್ತು ಮುಗಿಯುವಷ್ಟರಲ್ಲಿ ಸಂಜೆ. ಜೊತೆಯವರು ನಗೆಯಾಡಿದರು, "ಏನ್ ಮೀಟರಣ್ಣ, ಅಂಕಿ ಕಾಯಿಸಿ ಆರಿಸಿ ಬರೀತೀಯಾ?" ಅವನೂ ನಗುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿರಲಿಲ್ಲ ಈಗ.

ನೀನು ಸೇತುವೆ ಆಚೆ ಅರವತ್ತೈದು ಮಕ್ಕಳ ಕ್ಲಾಸಿನಲ್ಲಿ ಕೂತೆ. ಟೀಚರುಗಳು ಕೆಟ್ಟವರಲ್ಲ, ಪಾಪ, ಅರವತ್ತೈದು ಬಾಯಿಗಳಲ್ಲಿ ನಿನ್ನ ಸುಮ್ಮನಿರುವ ಬಾಯಿ ಅವರಿಗೆ ಒಂದು ಉಪಕಾರ. "ಅರ್ಥ ಆಯ್ತಾ?" ಅಂದರೆ ತಲೆಯಾಡಿಸುತ್ತಿದ್ದೆ. ಆಯಿತು ಅಂತ ಮುಂದೆ ಹೋಗುತ್ತಿದ್ದರು. ಸಂಜೆ ನಿಮ್ಮಪ್ಪ ಆ ಟೀಚರ್ ಹಾಗೆಯೇ ನೆಲದ ಮೇಲೆ ಕೂತು, ಮುಖಕ್ಕೆ ಮುಖ ಕೊಟ್ಟು, ತುಟಿ ಆಡಿಸಿ ನಿನಗೆ ಅಕ್ಷರ ಹೇಳಿಕೊಟ್ಟ. ನಿನ್ನ ಈ ದುಂಡಗಿನ ಬರವಣಿಗೆ ಅವನದು. ಆದರೆ ಮೀಟರ್ ಓದುವವನು ಎಷ್ಟು ಪಾಠ ಮಾಡಿಯಾನು? ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲಾದೆ. ಇನ್ನು ಹೋಗುವುದಿಲ್ಲ ಅಂದೆ. ಹದಿನಾರನೆಯ ವಯಸ್ಸಿಗೆ ಎರಡು ಬಸ್ಸು ಬದಲಾಯಿಸಿಕೊಂಡು ಇಲ್ಲಿಗೆ ಬಂದೆ, "ಅಜ್ಜಿ, ನಿನ್ನ ಜೊತೆ ಅಂಗಡೀಲಿ ಇರ್ತೀನಿ" ಅಂತ.

ನಾನು ಏನು ಬೇಕು ಅಂತ ಅವತ್ತು "ಸರಿ ಇದೆ" ಅಂದಿದ್ದೆನೋ ಅದು ನನಗೆ ಸಿಕ್ಕಿತು ಕಣೇ. ಹತ್ತು ವರ್ಷದಿಂದ ನನ್ನ ಪಕ್ಕದಲ್ಲಿ ಕೂತಿದ್ದೀಯ. ಗಿರಾಕಿ ನೀಲಿ ಕೇಳಿದರೆ, ಕೇಳಿಸದೆ ತಲೆಯಾಡಿಸಿ ಹಸಿರು ಕೊಡುತ್ತೀಯ. ಅವರು ಬೈದಾಗ ನಾನೇ ಕೈ ಮುಗಿದು ತಪ್ಪಾಯಿತು ಅನ್ನುತ್ತೇನೆ.

ಇನ್ನೊಂದು ಇದೆ. ಆ ಕಾಗದ ಬಂದ ಮೇಲೆ ನನಗೆ ಗೊತ್ತಿಲ್ಲದೆಯೇ ನಾನು ಅವನಿಗೆ "ಬನ್ನಿ, ಕೂತ್ಕೊಳ್ಳಿ" ಅನ್ನತೊಡಗಿದ್ದೆ. "ಬಾರೋ" ಅನ್ನೋಕೆ ನಾಲಿಗೆ ಏಳುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಅನ್ನಲಿ? ಒಂದು ವರ್ಷ ನೋಡಿದ, ಎರಡು ವರ್ಷ ನೋಡಿದ. ಒಂದು ದಿನ ಇಲ್ಲೇ, ಈ ಮೆಟ್ಟಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೇಳಿದ, "ಅತ್ತೆ, ನೀವೂ ನನ್ನ ದೂರ ಇಟ್ರಾ? ಅವಳು ಅಂದದ್ದು ತಡ್ಕೊಂಡೆ. ನೀವೂ ನಾನು ಮಾಡಿದ ತಪ್ಪಿಗೆ..." ಅಂದು ಅರ್ಧಕ್ಕೇ ನಿಲ್ಲಿಸಿದ. ನಾನು ನೂಲಿನ ಡಬ್ಬಿಯೊಳಗೆ ಏನೋ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ. "ಹಾಗೇನಿಲ್ಲಪ್ಪ, ಟೀ ಕುಡೀರಿ" ಅಂದೆ. ಕುಡೀರಿ ಅಂದೆ.

ಹೋದ ವರ್ಷ ಆಸ್ಪತ್ರೆಯಲ್ಲಿ ನಾನೇ ಅವನ ಪಕ್ಕ ಇದ್ದೆ, ನೀವಿಬ್ಬರೂ ಔಷಧಿಗೆ ಕೆಳಗೆ ಹೋಗಿದ್ದಿರಿ. ಶ್ವಾಸ ಕಷ್ಟದಲ್ಲಿತ್ತು. ನರ್ಸ್ ಹುಡುಗಿ ಬಂದು ಕಾರ್ಡಿಗೆ ಬರೆದುಕೊಳ್ಳಬೇಕು ಅಂತ ಮನೆ ನಂಬರು ಕೇಳಿದಳು. ಅವನು ಮೂಗಿನ ಕೊಳವೆ ಸರಿಸಿ ಹೇಳಿದ, "ನನ್ನ ಕೇಳ್ಬೇಡಮ್ಮ, ನಾನು ತಪ್ಪು ಹೇಳ್ತೀನಿ. ಮನೆಯವಳು ಬರ್ತಾಳೆ, ಅವಳನ್ನ ಕೇಳು."

ಆಗಲಾದರೂ ಹೇಳಬಹುದಿತ್ತು. ಕಿವಿ ಎರಡೂ ಚೆನ್ನಾಗಿದ್ದವು ಅವನಿಗೆ. ಬಗ್ಗಿದೆ, ಬಾಯಿ ಹತ್ತಿರ ತಂದೆ. "ಮಲಕ್ಕೋ" ಅಂದೆ. ಅಷ್ಟೇ ಬಂತು. ಏಕವಚನದಲ್ಲಿ ಅಂದೆ, ಅದು ಅವನಿಗೆ ಗೊತ್ತಾಯಿತೋ ಏನೋ, ಕಣ್ಣು ತೆರೆದು ಒಂದು ಸಲ ನೋಡಿದ. ಮರುದಿನ ಇರಲಿಲ್ಲ.

ಆಯಿತು. ಇಷ್ಟೇ ನಿಮ್ಮಪ್ಪನ ಕಥೆ. ಮೂವತ್ತು ವರ್ಷ ಊರಿನ ಅಂಕಿಗಳನ್ನು ತಪ್ಪದೆ ಬರೆದ, ಒಂದನ್ನು ತಪ್ಪಿದ, ಅದನ್ನು ತಿದ್ದಬೇಕಾಗಿದ್ದವಳು ತಿದ್ದಲಿಲ್ಲ. ಆಫೀಸಿನವರಿಗೆ ಜಿರಲೆ, ನಲ್ಲಿ, ಸರಳು, ಅದೆಲ್ಲ ಕೊಡು. ಉಳಿದದ್ದು ಅವರಿಗಲ್ಲ.

ನಿನ್ನ ಕೈ ಇಲ್ಲಿ ಕೊಡು. ತಣ್ಣಗಿದೆ. ಏನಂದೆ? ಜೋರಾಗಿ ಹೇಳೇ.

"ನಂಗೆ ಕೇಳಿಸಿತ್ತು ಅಜ್ಜಿ" ಅಂದೆಯಾ?

ಕೇಳಿಸಿತ್ತಾ, ನಾನು 'ಸುಮ್ನಿರು' ಅಂದದ್ದೂ, 'ಸರಿ ಇದೆ' ಅಂದದ್ದೂ. ಅಷ್ಟು ವರ್ಷದಿಂದ. ಅಪ್ಪನಿಗೆ ಹೇಳಲಿಲ್ಲ ನೀನು. ನನಗೆ ಬೇಜಾರಾಗುತ್ತೆ ಅಂತಲಾ? ಅಯ್ಯೋ ನನ್ನ ಕಡ್ಡಿ. ಐದು ವರ್ಷದ ಮಗುವಿನ ಮೇಲೆ ಎಂಥಾ ಹೊರೆ ಹೊರಿಸಿದೆನೇ ನಾನು.

ಬೇಡ, ಅಳಬೇಡ. ಕೇಳು. ನಿಮ್ಮಮ್ಮ ಮೂರಕ್ಕೆ ಕೆಲಸ ಬಿಟ್ಟು ನಾಲ್ಕೂವರೆಗೆ ಮನೆಯಲ್ಲಿರುತ್ತಾಳೆ. ಈ ಪುಸ್ತಕ ತಗೊಂಡು ಈಗಲೇ ಹೊರಡು. ಕೈಯಲ್ಲಿ ಕೊಟ್ಟು ಬರಬೇಡ, ಅವಳ ಎದುರಿಗೆ ಕೂತು ಓದು, ಗುಮಾಸ್ತೆಯಮ್ಮ ಪೆನ್ನು ಚಾಚಿದ ಜಾಗವನ್ನು ಎರಡು ಸಲ ಓದು. ಅವಳು ಏನಾದರೂ ಅನ್ನಲಿ, ನನ್ನ ಪರವಾಗಿ ಒಂದು ಮಾತೂ ಆಡಬೇಡ. ಓದಿ ಆದ ಮೇಲೆ, ಬಾಗಿಲ ಹಿಂದೆ ಅವನ ಸರಳು ಇದೆಯಲ್ಲ, ಅದಕ್ಕೆ ತುಕ್ಕು ಹಿಡಿಯುತ್ತಿರಬಹುದು, ಒಂದು ಹನಿ ಎಣ್ಣೆ ಹಾಕಿ ಒರೆಸಿ ಇಡು. ಅಂಗಡಿ ನಾನು ನೋಡಿಕೊಳ್ಳುತ್ತೇನೆ. ಗುಂಡಿಯನ್ನು ಬೆರಳಲ್ಲಿ ಗುರುತು ಹಿಡಿಯುತ್ತೇನೆ, ನೂಲಿನ ಬಣ್ಣ ಕೇಳಿದವರಿಗೆ ನಾಳೆ ಬನ್ನಿ ಅನ್ನುತ್ತೇನೆ. ಮೂರರ ಬಸ್ಸು ತಪ್ಪಿಸಬೇಡ, ಹೊರಡು.